ಇಲಿಯ ರುಚಿ ಬಲ್ಲವರು

ಇಲಿಗೆ ಯಾವ ಕಾಳು ಇಷ್ಟ? ಕೇಳಿದರೆ ಮಕ್ಕಳ ಪ್ರಶ್ನೆಯಂತಿದೆ. ಅಕ್ಕಿಯೋ ಗೋಧಿಯೋ, ಜೋಳವೋ ಸಜ್ಜೆಯೋ, ಸಿಕ್ಕಿದ್ದನ್ನು ತಿನ್ನುತ್ತದೆ, ಅದಕ್ಕೆಂಥ ಆಯ್ಕೆ ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನಿಗಳು ದಶಕಗಳನ್ನೇ ಕಳೆದಿದ್ದಾರೆ. ವಿಧಾನ ಸರಳ. ಒಂದು ಪಂಜರ, ಒಂದು ಇಲಿ, ಎರಡು ಬಟ್ಟಲು. ಎರಡರಲ್ಲೂ ತೂಕ ಮಾಡಿ ಹಾಕಿದ ಬೇರೆ ಬೇರೆ ಕಾಳು. ಮರುದಿನ ಬೆಳಗ್ಗೆ ಉಳಿದದ್ದನ್ನು ತೂಗುತ್ತಾರೆ. ಇಲಿ ಕಾಳನ್ನು ನೋಡಿ ಹೋಯಿತೋ, ಮೂಲೆಯನ್ನು ನೋಡಿ ಹೋಯಿತೋ ಎಂಬ ಅನುಮಾನ ಬರಬಾರದೆಂದು ದಿನವೂ ಬಟ್ಟಲುಗಳ ಜಾಗವನ್ನು ಅದಲುಬದಲು ಮಾಡುತ್ತಾರೆ. ಹೀಗೆ ಕೆಲವು ದಿನ ತೂಗಿದರೆ ಇಲಿಯ ಮನಸ್ಸು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ.

ಇಲಿಗೆ ಮನಸ್ಸಿದೆ ಎಂಬುದರಲ್ಲಂತೂ ಅನುಮಾನ ಉಳಿಯುವುದಿಲ್ಲ. 1974ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಟ್ಟ ಮನೆ ಇಲಿಗಳ ಮುಂದೆ ಹಲವು ಧಾನ್ಯಗಳನ್ನು ಇಟ್ಟಿದ್ದರು. ಅವು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಕ್ಯಾನರಿ ಎಂಬ ಪಂಜರದ ಹಕ್ಕಿಗೆ ಹಾಕುವ ಸಣ್ಣ ಹುಲ್ಲುಕಾಳನ್ನು. ನುಚ್ಚು ಮಾಡಿದ ಓಟ್ಸ್ ಮತ್ತು ಗೋಧಿಗೂ ಒಳ್ಳೆಯ ಅಂಕ ಬಂತು. ನಮ್ಮ ರಾಜಸ್ಥಾನದ ಮರುಭೂಮಿಯಲ್ಲಿ ಇಲಿಗಳಿಗೆ ಇಡುವುದು ಸಜ್ಜೆ, ಭತ್ತದ ಸೀಮೆಯಲ್ಲಿ ನುಚ್ಚಕ್ಕಿ. ಮನೆ ಇಲಿಯ ತೂಕ ಹೆಚ್ಚೆಂದರೆ 20-30 ಗ್ರಾಂ. ದಿನಕ್ಕೆ ತಿನ್ನುವುದು ಸುಮಾರು 3 ಗ್ರಾಂ. ಅದನ್ನೂ ಒಂದೇ ಕಡೆ ಕೂತು ತಿನ್ನದು. ಹತ್ತಾರು ಜಾಗಗಳಲ್ಲಿ ಚೂರು ಚೂರು ಕಡಿದು, ಸಿಪ್ಪೆ ಬಿಡಿಸಿ, ರುಚಿ ನೋಡಿ ಮುಂದೆ ಹೋಗುತ್ತದೆ. ಮದುವೆಮನೆಯ ಬಫೆಯಲ್ಲಿ ಓಡಾಡುವ ನಮ್ಮ ಹಾಗೆಯೇ.

ಇಷ್ಟೆಲ್ಲ ಶ್ರಮ ಯಾಕೆ? ಇಲಿಗೆ ಔತಣ ಕೊಡಲಿಕ್ಕಲ್ಲ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ನಡೆದದ್ದು ವಿಷವನ್ನು ಯಾವ ಕಾಳಿನಲ್ಲಿ ಬೆರೆಸಿದರೆ ಇಲಿ ತಪ್ಪದೆ ತಿನ್ನುತ್ತದೆ ಎಂದು ತಿಳಿಯಲಿಕ್ಕೆ. ನಮ್ಮ ಕೃಷಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪಾಕ ಹೀಗಿದೆ: 96 ಪಾಲು ಧಾನ್ಯ, 2 ಪಾಲು ಅಡುಗೆ ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್. ಅಂದರೆ ನೂರರಲ್ಲಿ 98 ಪಾಲು ಇಲಿಗೆ ಇಷ್ಟವಾದದ್ದೇ. ಅದನ್ನೂ ಮೊದಲ ದಿನವೇ ಇಡುವುದಿಲ್ಲ. ಇಲಿ, ಅದರಲ್ಲೂ ದೊಡ್ಡ ಇಲಿ, ಹೊಸ ತಿನಿಸನ್ನು ಸುಲಭಕ್ಕೆ ನಂಬದು. ಒಂದಿಷ್ಟು ಕಚ್ಚಿ ನೋಡಿ ಕಾಯುತ್ತದೆ. ಅದಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಒಳಗೆ ಹೋದದ್ದನ್ನು ಹೊರಗೆ ಹಾಕಲಾಗದವರು ಒಳಗೆ ಬಿಡುವ ಮುನ್ನ ಹುಷಾರಾಗಿರಲೇಬೇಕು. ಆದ್ದರಿಂದ ಮೊದಲ ಎರಡು ಮೂರು ದಿನ ವಿಷವಿಲ್ಲದ ಕಾಳನ್ನೇ ಇಡಬೇಕು ಎಂದು ಕೈಪಿಡಿ ಹೇಳುತ್ತದೆ. ಇಲಿ ಬರುತ್ತದೆ, ತಿನ್ನುತ್ತದೆ, ಏನೂ ಆಗುವುದಿಲ್ಲ. ಮಾರನೆಯ ದಿನ ಧೈರ್ಯವಾಗಿ ಬರುತ್ತದೆ. ನಂಬಿಕೆ ಕುದುರಿದ ಮೇಲೆ ವಿಷ.

ನನ್ನ ಪ್ರಶ್ನೆ ಇಲಿಯನ್ನು ಕೊಲ್ಲಬಹುದೇ ಎಂಬುದಲ್ಲ. ಅದು ಹಳೆಯ ಪ್ರಶ್ನೆ, ಅದಕ್ಕೆ ಬರುತ್ತೇನೆ. ಒಬ್ಬರ ಇಷ್ಟವನ್ನು ಇಷ್ಟು ಶ್ರದ್ಧೆಯಿಂದ ತಿಳಿದುಕೊಂಡು, ಆ ತಿಳಿವಳಿಕೆಯನ್ನೇ ಅವರ ವಿರುದ್ಧ ಬಳಸುವುದರಲ್ಲಿ, ಕೊಲೆಯನ್ನು ಬದಿಗಿಟ್ಟು ನೋಡಿದರೂ, ಬೇರೆಯದೇ ಒಂದು ತಪ್ಪು ಇದೆಯೇ ಎಂಬುದು ನನ್ನ ಪ್ರಶ್ನೆ.

ಮೊದಲು ಇಷ್ಟ ಅಂದರೇನು ಎಂದು ನೋಡೋಣ. ನೀರು ತಗ್ಗಿಗೆ ಹರಿಯುತ್ತದೆ. ನೀರಿಗೆ ತಗ್ಗು ಇಷ್ಟ ಎಂದು ಯಾರೂ ಹೇಳುವುದಿಲ್ಲ. ಇಲಿಯ ವಿಷಯದಲ್ಲಿ ನಾವು ಇಷ್ಟ ಎಂಬ ಪದ ಬಳಸುತ್ತೇವೆ. ಎರಡು ಬಟ್ಟಲಿಟ್ಟು, ಜಾಗ ಬದಲಿಸಿ, ತೂಗಿ ನೋಡುವವನು ಆ ಪಂಜರದೊಳಗೆ ‘ಇದಕ್ಕಿಂತ ಅದು ಲೇಸು’ ಎಂದು ಅನ್ನಿಸಿಕೊಳ್ಳುವ ಒಂದು ಜೀವ ಇದೆ ಎಂದು ಆಗಲೇ ಒಪ್ಪಿಕೊಂಡಿದ್ದಾನೆ. ಒಪ್ಪದಿದ್ದರೆ ಪ್ರಯೋಗಕ್ಕೆ ಅರ್ಥವೇ ಇಲ್ಲ.

ಈ ಇಷ್ಟ ಎಲ್ಲಿಂದ ಬರುತ್ತದೆ? ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಬೆನೆಟ್ ಗ್ಯಾಲೆಫ್ ಎಂಬ ವಿಜ್ಞಾನಿ ಇದರ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಒಂದು ಇಲಿ ಎಲ್ಲೋ ಏನೋ ತಿಂದು ಗೂಡಿಗೆ ಬರುತ್ತದೆ. ಇನ್ನೊಂದು ಇಲಿ ಅದರ ಮೂತಿಯ ಹತ್ತಿರ ಮೂತಿ ತಂದು ಉಸಿರನ್ನು ಮೂಸುತ್ತದೆ. ಆಮೇಲೆ ಈ ಎರಡನೆಯ ಇಲಿಗೆ ಎರಡು ಬಗೆಯ ತಿನಿಸು ಕೊಟ್ಟರೆ, ಗೆಳೆಯನ ಉಸಿರಿನಲ್ಲಿದ್ದ ವಾಸನೆಯ ತಿನಿಸನ್ನೇ ಅದು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಮರಿಗಳು ತಾಯಿಯ ಹಾಲಿನಲ್ಲಿ ಬಂದ ರುಚಿಯನ್ನು ಕಲಿಯುತ್ತವೆ. ಗ್ಯಾಲೆಫ್ ತಂಡ ಕಂಡ ಇನ್ನೊಂದು ಸಂಗತಿ ಮನಸ್ಸಿಗೆ ನಾಟುವಂಥದ್ದು. ತಿಂದು ಬಂದ ಇಲಿ ಕಾಯಿಲೆ ಬಿದ್ದಿದ್ದರೂ ಮೂಸಿದ ಇಲಿ ಆ ತಿನಿಸನ್ನು ದೂರ ಮಾಡಲಿಲ್ಲ, ಮತ್ತೂ ಅದನ್ನೇ ಬಯಸಿತು. ‘ನಾನು ಇದನ್ನು ತಿಂದೆ’ ಎಂಬ ಸುದ್ದಿ ಇಲಿಯಿಂದ ಇಲಿಗೆ ಹೋಗುತ್ತದೆ. ‘ಇದರಿಂದ ನನಗೆ ಕೆಡುಕಾಯಿತು’ ಎಂಬುದು ಹೋಗುವುದಿಲ್ಲ.

ಮನುಷ್ಯರೂ ಇದರಿಂದ ತುಂಬ ದೂರದಲ್ಲಿಲ್ಲ. ಬಸುರಿನಲ್ಲಿ, ಬಾಣಂತನದಲ್ಲಿ ಗಜ್ಜರಿ ರಸ ಕುಡಿದ ತಾಯಂದಿರ ಕೂಸುಗಳು ಗಜ್ಜರಿ ಬೆರೆಸಿದ ಗಂಜಿಯನ್ನು ಹೆಚ್ಚು ಒಪ್ಪಿಕೊಂಡವು ಎಂದು ಅಮೆರಿಕದ ಜೂಲಿ ಮೆನೆಲ್ಲ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ವಿಜಯಪುರದವರಿಗೆ ಜೋಳದ ರೊಟ್ಟಿ, ಮಂಡ್ಯದವರಿಗೆ ಮುದ್ದೆ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ. ದೆಹಲಿಯ ಪಿಜಿಯಲ್ಲಿ ಮೂರು ಹೊತ್ತೂ ಗೋಧಿ ತಿಂದು ಬದುಕುವ ಹುಡುಗನಿಗೆ ಹೊಟ್ಟೆ ತುಂಬಿದರೂ ಏನೋ ಉಳಿದಂತಿರುತ್ತದಲ್ಲ, ಅದು ಬರೀ ನಾಲಿಗೆಯ ಚಪಲವಲ್ಲ. ಯಾರು ನಮಗೆ ಮೊದಲು ಉಣಿಸಿದರೋ ಅವರ ನೆನಪು ಮೈಯಲ್ಲಿ ಉಳಿದ ಬಗೆ ಅದು. ಇಷ್ಟ ಎಂದರೆ ಹಿಂದೊಮ್ಮೆ ನಂಬಿ ತಿಂದು ಬದುಕಿದ್ದರ ಗುರುತು. ಇಲಿಗೂ ಅಷ್ಟೆ, ನಮಗೂ ಅಷ್ಟೆ.

ನಮ್ಮ ಹಿರಿಯರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವ ಪಾಠ ನಮಗೆಲ್ಲ ಗೊತ್ತು: ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ. ಹಿತವೆನಿಸುವುದು ಒಂದು, ಹಿತವಾದದ್ದು ಇನ್ನೊಂದು. ತಿಳಿದವನು ಎರಡನೆಯದನ್ನು ಆರಿಸುತ್ತಾನೆ. ಈ ಪಾಠವನ್ನು ಇಲಿಯ ಮುಂದಿಟ್ಟರೆ ಒಂದು ಸೋಜಿಗ ಕಾಣುತ್ತದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕರ್ಟ್ ರಿಕ್ಟರ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇಲಿಗಳ ಆಯ್ಕೆಯನ್ನು ಪರೀಕ್ಷಿಸುತ್ತಿದ್ದರು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತೆಗೆದರೆ ಇಲಿಯ ಮೈಯಿಂದ ಉಪ್ಪು ಸೋರಿಹೋಗಿ ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಆದರೆ ಪಂಜರದಲ್ಲಿ ಸಾದಾ ನೀರಿನ ಪಕ್ಕ ಉಪ್ಪುನೀರನ್ನೂ ಇಟ್ಟರೆ, ಅದೇ ಇಲಿ ಉಪ್ಪುನೀರನ್ನು ಬೇಕೆಂದೇ ಹೆಚ್ಚು ಕುಡಿದು ಬದುಕಿಕೊಳ್ಳುತ್ತದೆ. ಮತ್ತೊಂದು ಪ್ರಯೋಗದಲ್ಲಿ ಸಸಾರಜನಕ, ಸಕ್ಕರೆ, ಎಣ್ಣೆ, ಲವಣ, ಜೀವಸತ್ವಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಇಟ್ಟಾಗಲೂ ಇಲಿಗಳು ತಮಗೆ ಬೇಕಾದಷ್ಟು ಬೇಕಾದ್ದನ್ನು ತಿಂದು ಚೆನ್ನಾಗಿಯೇ ಬೆಳೆದವು. ಯಾರೂ ಅವಕ್ಕೆ ಶ್ರೇಯಸ್ಸಿನ ಪಾಠ ಹೇಳಿರಲಿಲ್ಲ.

ಅಂದರೆ ತನ್ನ ಪಾಡಿಗೆ ಬಿಟ್ಟರೆ ಇಲಿಯ ಪ್ರೇಯಸ್ಸು ಬಹುಮಟ್ಟಿಗೆ ಅದರ ಶ್ರೇಯಸ್ಸಿನ ದಾರಿಯನ್ನೇ ತೋರಿಸುತ್ತದೆ. ಇಷ್ಟ ಇರುವುದೇ ಅದಕ್ಕಾಗಿ. ರುಚಿಯಾದದ್ದು ಮೈಗೆ ಒಳ್ಳೆಯದು ಎಂಬ ಆ ಹಳೆಯ ಒಪ್ಪಂದದ ಮೇಲೆ ಇಲಿಯ ವಂಶ ನಡೆದು ಬಂದಿದೆ. ವಿಷ ಬೆರೆಸಿದ ಕಾಳು ಮಾಡುವ ಕೆಲಸ ಏನೆಂದರೆ ಆ ಒಪ್ಪಂದದ ನಡುವೆ ಬೆಣೆ ಹೊಡೆಯುವುದು. ಇಷ್ಟವನ್ನು ಹಾಗೆಯೇ ಬಿಟ್ಟು, ಅದರ ತುದಿಯಲ್ಲಿದ್ದ ಹಿತವನ್ನು ಮಾತ್ರ ಕಿತ್ತು ಅಲ್ಲಿ ಸಾವನ್ನು ಕೂರಿಸುವುದು.

ಕತೆಯ ಮುಂದಿನ ಭಾಗವೂ ರಿಕ್ಟರರದೇ. ಕೆಲವರ ನಾಲಿಗೆಗೆ ತುಂಬ ಕಹಿ, ಇನ್ನು ಕೆಲವರಿಗೆ ಸಪ್ಪೆ ಎನಿಸುವ ಪಿಟಿಸಿ ಎಂಬ ರಾಸಾಯನಿಕ ಒಂದಿದೆ. ಇಲಿಗಳಿಗೆ ಅದರ ರುಚಿ ತಿಳಿಯುತ್ತದೆಯೇ ಎಂದು ನೋಡಲು ಅವರು ಕೊಟ್ಟಾಗ ಇಲಿಗಳು ಸತ್ತುಹೋದವು. ಆದರೆ ಅದು ಕಹಿ, ಇಲಿ ತಾನಾಗಿ ತಿನ್ನದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ಇಲಿವಿಷ ಬೇಕಾಯಿತು. ರಿಕ್ಟರ್ ಅದೇ ಜಾತಿಯ, ಆದರೆ ಇಲಿಯ ನಾಲಿಗೆಗೆ ರುಚಿ ಗೊತ್ತಾಗದ ರಾಸಾಯನಿಕವನ್ನು ಹುಡುಕಿದರು. ಆಂಟು ಎಂಬ ಹೆಸರಿನ ಆ ವಿಷವನ್ನು ಬಾಲ್ಟಿಮೋರಿನ ಬೀದಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಇಲಿಯ ನಾಲಿಗೆ ಅದನ್ನು ಎಷ್ಟು ಚೆನ್ನಾಗಿ ಕಾಯುತ್ತದೆ ಎಂದು ಜಗತ್ತಿಗೆ ತೋರಿಸಿದವರೇ ಆ ಕಾವಲನ್ನು ದಾಟುವ ದಾರಿಯನ್ನೂ ಕಂಡುಕೊಂಡರು. ಅವರು ದುಷ್ಟರಾಗಿರಲಿಲ್ಲ. ಅವರ ಊರಿನ ಬಡವರ ಕೇರಿಗಳಲ್ಲಿ ಇಲಿಕಾಟ ನಿಜವಾಗಿಯೇ ಇತ್ತು. ತಿಳಿವಳಿಕೆ ಎರಡೂ ಕಡೆಗೆ ಹೋಗುತ್ತದೆ ಎಂಬುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಹಳೆಯ ಪ್ರಶ್ನೆಗೆ ಬರೋಣ. ‘ಇದೆಲ್ಲ ಹೊಟ್ಟೆ ತುಂಬಿದವರ ಮಾತು. ಚೀಲದಲ್ಲಿದ್ದ ಜೋಳವನ್ನು ಇಲಿ ತಿಂದರೆ ತಿಳಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ನ್ಯಾಯ. ಇಲಿ ತಿನ್ನುವುದಕ್ಕಿಂತ ಹಿಕ್ಕೆ, ಉಚ್ಚೆಗಳಿಂದ ಕೆಡಿಸುವುದೇ ಹೆಚ್ಚು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರಲ್ಲ, ಅದು ಬಂದರಿನ ಪಕ್ಕದ, ಧಾನ್ಯದ ಗೋದಾಮುಗಳ ಕೇರಿ. ಎರಡು ವರ್ಷದಲ್ಲಿ ಆ ರೋಗ ಬೆಂಗಳೂರಿಗೂ ಬಂತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಅದರ ಬೆನ್ನಿಗೇ. 2005ರ ಮಹಾಮಳೆಯ ನಂತರ ಮುಂಬಯಿಯಲ್ಲಿ ಇಲಿಜ್ವರ ಹರಡಿದ್ದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಬಿಕಾನೇರ್ ಹತ್ತಿರದ ದೇಶ್ನೋಕದ ಕರಣಿಮಾತೆಯ ಗುಡಿಯಲ್ಲಿ ಸಾವಿರಾರು ಇಲಿಗಳಿಗೆ ಹಾಲು, ಕಾಳು, ಲಡ್ಡು ಇಡುತ್ತಾರೆ. ಆದರೆ ಎಲ್ಲರ ಅಡುಗೆಮನೆಯೂ ದೇಶ್ನೋಕವಾಗಲಾರದು.

ಆದ್ದರಿಂದ ಇಲಿಯನ್ನು ತಡೆಯಬಾರದು ಎಂದು ನಾನು ಹೇಳುತ್ತಿಲ್ಲ. ತಡೆಯುವ ಬಗೆಗಳಲ್ಲಿ ವ್ಯತ್ಯಾಸವಿದೆ ಎನ್ನುತ್ತಿದ್ದೇನೆ. ಉತ್ತರ ಕರ್ನಾಟಕದ ಹಗೇವು ಇದೆ. ನೆಲದೊಳಗೆ ಗುಂಡಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಬಿಡುವುದು. ಕಣಜ, ಡಬ್ಬಿ, ಮುಚ್ಚಳ, ಬಾಗಿಲ ಸಂದಿಗೆ ಬಡಿದ ತಗಡು, ಇವೆಲ್ಲ ಇಲಿಗೆ ‘ಇದು ನಿನ್ನದಲ್ಲ’ ಎನ್ನುತ್ತವೆ. ಇವುಗಳಲ್ಲಿ ಮೋಸವಿಲ್ಲ. ಇನ್ನೊಂದು ಬಗೆ ಎದುರಾಎದುರು ನಿಲ್ಲುವುದು. ಚೆನ್ನೈ ಪಕ್ಕದ ಚೆಂಗಲ್‌ಪಟ್ಟು ಸೀಮೆಯ ಇರುಳರು ಗದ್ದೆಯ ಬದುವಿನಲ್ಲಿ ಬಿಲ ಅಗೆದು ಇಲಿ ಹಿಡಿಯುತ್ತಾರೆ, ಅದು ಕೂಡಿಟ್ಟ ಭತ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಂಬಯಿ ಮಹಾನಗರಪಾಲಿಕೆಯಲ್ಲಿ ರಾತ್ರಿ ಇಲಿ ಹೊಡೆಯುವ ಕೆಲಸದವರಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು. ರಾತ್ರಿಗೆ 30 ಇಲಿಯ ಲೆಕ್ಕ ಕೊಡಬೇಕು. ಆ ಕೆಲಸವನ್ನು ಕೇಳಿದರೆ ನಾವು ಮುಖ ಸಿಂಡರಿಸುತ್ತೇವೆ. ಅಂಗಡಿಯಲ್ಲಿ ಸಿಗುವ ವಿಷದ ಬಿಲ್ಲೆ ಮಾತ್ರ ನಮಗೆ ಶುಭ್ರವಾಗಿ ಕಾಣುತ್ತದೆ.

ನನಗೆ ಈ ಲೆಕ್ಕ ತಿರುಗುಮುರುಗಾಗಿದೆ ಎನಿಸುತ್ತದೆ. ಕೋಲು ಸುಳ್ಳು ಹೇಳುವುದಿಲ್ಲ. ಹೊಡೆಯುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿದೆ. ಬಿಲ್ಲೆಯ ಹೆಚ್ಚುಗಾರಿಕೆ ಎಂದರೆ ಅದು ಇಲಿಯಷ್ಟೇ ಅಲ್ಲ, ಇಟ್ಟವರ ಕಣ್ಣನ್ನೂ ತಪ್ಪಿಸುತ್ತದೆ. 1948ರಲ್ಲಿ ಬಂದ ವಾರ್ಫರಿನ್ ಮತ್ತು ಅದರ ಮುಂದಿನ ಪೀಳಿಗೆಯ ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತವೆ. ಈ ತಡ ಕೊರತೆಯಲ್ಲ, ಅದೇ ಅವುಗಳ ಗುಣ. ತಿಂದದ್ದಕ್ಕೂ ಸಂಕಟಕ್ಕೂ ಇರುವ ನಂಟು ಇಲಿಗೆ ಹೊಳೆಯಬಾರದು. ಅದು ಎಲ್ಲೋ ಅಟ್ಟದ ಮೂಲೆಯಲ್ಲಿ, ಚರಂಡಿಯಲ್ಲಿ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಅದನ್ನು ತಿಂದ ಗೂಬೆಗೂ ವಿಷ ದಾಟುತ್ತದೆ. ನಮಗೆ ಕಾಣುವುದು ಬೆಳಗ್ಗೆ ಖಾಲಿಯಾದ ತಟ್ಟೆ ಮಾತ್ರ.

ರಾಯಚೂರಿನ ಭತ್ತದ ಗದ್ದೆಗೆ ಮುಚ್ಚಳ ಹಾಕಲಾಗದು ಎಂಬುದೂ ನಿಜ. ರೈತ ಬದುಗಳನ್ನು ಸಣ್ಣದಾಗಿಡಬಹುದು, ಅಕ್ಕಪಕ್ಕದವರೆಲ್ಲ ಸೇರಿ ಒಂದೇ ಸಲ ಬಿಲ ಅಗೆದು ಬೋನು ಇಡಬಹುದು, ಗೂಬೆ ಕೂರಲು ಗೂಟ ನೆಡಬಹುದು. ಅದೂ ಸಾಲದಾದಾಗ ವಿಷ ಇಟ್ಟರೆ, ಸಾಲ ಮಾಡಿ ಬೆಳೆದವನಿಗೆ ಉಪದೇಶ ಹೇಳುವ ಹಕ್ಕು ನಗರದಲ್ಲಿ ಅಕ್ಕಿ ಕೊಂಡು ತಿನ್ನುವ ನನಗಿಲ್ಲ. ಆದರೆ ಅನಿವಾರ್ಯ ಎಂದ ಮಾತ್ರಕ್ಕೆ ಒಂದು ಕೆಲಸ ನಿರ್ದೋಷವಾಗುವುದಿಲ್ಲ. ಬೇರೆ ದಾರಿ ಮುಗಿದ ಮೇಲೆ ತುಳಿಯುವ ದಾರಿ ಅದು. ನಾವು ಅಪಾರ್ಟ್‌ಮೆಂಟಿನವರು ಅದನ್ನೇ ಮೊದಲ ದಾರಿ ಮಾಡಿಕೊಂಡಿದ್ದೇವೆ. ಸಿಂಕಿನ ಕೆಳಗಿನ ತೂತು ಮುಚ್ಚುವುದಕ್ಕಿಂತ ಬಿಲ್ಲೆ ಇಡುವುದು ಸುಲಭ.

ಈ ಮಾತು ಇಲಿಗೆ ಮುಗಿಯುವುದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಈ ಪತ್ರಿಕೆ ಓದುವವರಲ್ಲಿ ಹಲವರು ಪುಣೆಯಲ್ಲೋ ಹೈದರಾಬಾದಿನಲ್ಲೋ ಕಂಪ್ಯೂಟರಿನ ಮುಂದೆ ಕೂತು ಎರಡು ಬಟ್ಟಲಿನ ಪರೀಕ್ಷೆಯನ್ನೇ ಮಾಡುತ್ತಾರೆ. ಅರ್ಧ ಜನಕ್ಕೆ ಒಂದು ಬಣ್ಣದ ಗುಂಡಿ, ಇನ್ನರ್ಧಕ್ಕೆ ಇನ್ನೊಂದು. ಯಾವುದನ್ನು ಹೆಚ್ಚು ಒತ್ತಿದರು? ಯಾವ ವಿಡಿಯೊ ಮುಗಿದ ಮೇಲೆ ಯಾವುದನ್ನು ತೋರಿಸಿದರೆ ಇನ್ನೂ ಹತ್ತು ನಿಮಿಷ ಕೂರುತ್ತಾರೆ? ಮೊದಲ ಮೂರು ತಿಂಗಳು ಪುಕ್ಕಟೆ, ಆಮೇಲೆ ದುಡ್ಡು. ಮೊದಲ ಸಾಲ ಸಣ್ಣದು, ಒಂದು ಒತ್ತಿಗೆ ಸಿಗುವಂಥದ್ದು. ವಿಷವಿಲ್ಲದ ಕಾಳಿನ ಮೊದಲ ದಿನಗಳು ನಮಗೂ ಬರುತ್ತವೆ.

ಹಾಗೆಂದು ಗಿರಾಕಿಯ ರುಚಿ ತಿಳಿದು ಲಾಭ ಮಾಡುವುದೆಲ್ಲ ಮೋಸವಲ್ಲ. ಮಾಟುಂಗಾದಲ್ಲಿ ರಾಮನಾಯಕರು 1942ರಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದದ್ದೂ ವ್ಯಾಪಾರವೇ. ಊರು ಬಿಟ್ಟು ಬಂದವನ ನಾಲಿಗೆಗೆ ಏನು ಬೇಕು ಎಂದು ಇಂಥ ಊಟದ ಮನೆಗಳಿಗೆ ಚೆನ್ನಾಗಿ ಗೊತ್ತಿತ್ತು. ಅದರಿಂದಲೇ ಅವು ನಡೆದವು. ಆದರೆ ಅಲ್ಲಿ ಉಂಡವನ ಇಷ್ಟ ಹೋಗಿ ತಲುಪಿದ್ದು ಅವನ ಹಿತವನ್ನೇ. ಅನ್ನ, ಸಾರು, ಪಲ್ಯ ಅವನ ಹೊಟ್ಟೆಗೆ, ದುಡ್ಡು ಗಲ್ಲಾಪೆಟ್ಟಿಗೆಗೆ. ಪ್ರೇಯಸ್ಸಿಗೂ ಶ್ರೇಯಸ್ಸಿಗೂ ನಡುವೆ ಬೆಣೆ ಹೊಡೆಯದೆ ಗಳಿಸಿದ ಲಾಭ ಅದು. ತಪ್ಪು ಇರುವುದು ಇನ್ನೊಬ್ಬರ ಇಷ್ಟವನ್ನು ತಿಳಿಯುವುದರಲ್ಲೂ ಅಲ್ಲ, ಅದರಿಂದ ಗಳಿಸುವುದರಲ್ಲೂ ಅಲ್ಲ. ಇಷ್ಟವನ್ನು ಉಳಿಸಿ ಹಿತವನ್ನು ಕಿತ್ತುಹಾಕುವುದರಲ್ಲಿ.

ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಕನಕದಾಸರ ರಾಮಧಾನ್ಯ ಚರಿತೆ ಇಲ್ಲಿ ನೆನಪಾಗುತ್ತದೆ. ಭತ್ತ ಮೇಲೋ ರಾಗಿ ಮೇಲೋ ಎಂಬ ಜಗಳ ರಾಮನ ಮುಂದೆ ಬಂದಾಗ, ಅವನು ಎರಡರ ಅಡುಗೆ ಮಾಡಿಸಿ ಯಾವುದು ರುಚಿ ಎಂದು ಸಭೆಯನ್ನು ಕೇಳಿದ್ದರೆ ಭತ್ತ ಗೆಲ್ಲುತ್ತಿತ್ತೋ ಏನೋ. ಅವನು ಹಾಗೆ ಮಾಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಹೊರಗೆ ತಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ನಾಲಿಗೆಗೆ ಕೇಳುವ ಪ್ರಶ್ನೆ ಒಂದು ಹೊತ್ತಿನದು. ಅವನು ಕೇಳಿದ್ದು ಆರು ತಿಂಗಳಾದ ಮೇಲೆ ಏನು ಉಳಿದಿದೆ ಎಂದು.

ಇಲಿಯ ಪ್ರಯೋಗಗಳಲ್ಲೂ ಈ ಎರಡು ಬಗೆ ಇವೆ. ರಿಕ್ಟರ್ ಬೇರೆ ಬೇರೆ ಬಟ್ಟಲಿಟ್ಟು ಪರೀಕ್ಷಿಸಿದಾಗ ಬಟ್ಟಲಿನ ಜೊತೆಗೆ ಇಲಿಯನ್ನೂ ತೂಗಿದರು: ಬೆಳೆಯಿತೇ, ಬದುಕಿತೇ? ವಿಷಕ್ಕಾಗಿ ಮಾಡುವ ಪರೀಕ್ಷೆಯಲ್ಲಿ ಎಷ್ಟು ತಿಂದಿತು ಎಂದು ಬಟ್ಟಲನ್ನಷ್ಟೇ ತೂಗಿದರೆ ಸಾಕು. ನಮ್ಮ ಕಚೇರಿಗಳ ಪರದೆಯ ಮೇಲೆ ಏರಿಳಿಯುವ ಗೆರೆಗಳಲ್ಲಿ ಹೆಚ್ಚಿನವು ಬಟ್ಟಲಿನ ತೂಕವೇ: ಎಷ್ಟು ಒತ್ತಿದರು, ಎಷ್ಟು ಹೊತ್ತು ಕೂತರು, ಎಷ್ಟು ಖರ್ಚು ಮಾಡಿದರು. ಆರು ತಿಂಗಳ ಮೇಲೆ ಆ ಜನ ಹೇಗಿದ್ದಾರೆ, ನಿದ್ದೆ ಮಾಡುತ್ತಾರೆಯೇ, ಸಾಲ ತೀರಿಸಿದರೇ ಎಂಬ ಗೆರೆ ಅಪರೂಪ. ಅದನ್ನೂ ಒಂದು ಅಂಕಣವಾಗಿ ಸೇರಿಸಿ ಎಂದು ಸಭೆಯಲ್ಲಿ ಕೈಯೆತ್ತಿ ಹೇಳುವುದು ನಮ್ಮಂಥ ಉದ್ಯೋಗಿಗಳ ಕೈಲಾಗದ ಕೆಲಸವೇನಲ್ಲ. ಒಪ್ಪಬಹುದು, ಒಪ್ಪದಿರಬಹುದು. ಕೇಳಿದ ಮೇಲಂತೂ ಬಟ್ಟಲಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.